ಹನುಮಕ್ಕನ ಬಾವಿಯಲ್ಲಿ ಇನ್ನೂ ಡೀಸೆಲ್ ವಾಸನೆ

ಬಾಗಲೂರಿನಾಚೆ ಬೆಳಗಿನ ಐದೂವರೆ. ಮಂಜು ಇನ್ನೂ ಕರಗಿಲ್ಲ. ಹನುಮಕ್ಕ ಮಣ್ಣಿನ ಗುಡ್ಡೆಯ ಟಾರ್ಪಾಲು ಸರಿಸಿ, ಒಂದು ಹಿಡಿ ಮಣ್ಣೆತ್ತಿ ಮೂಗಿಗೆ ಹಿಡಿಯುತ್ತಾರೆ. ‘ಇನ್ನೂ ಹೋಗಿಲ್ಲ ಕಣಪ್ಪ,’ ಎನ್ನುತ್ತಾ ಗುದ್ದಲಿಗೆ ಕೈಹಾಕುತ್ತಾರೆ. ನಾನೂ ಮೂಸಿ ನೋಡುತ್ತೇನೆ. ಅಬ್ಬಾ, ಡೀಸೆಲ್ ವಾಸನೆ!

ಮೂರು ವರ್ಷದ ಹಿಂದೆ ರಸ್ತೆಬದಿಯ ಬಂಕಿನ ನೆಲದಡಿಯ ಟ್ಯಾಂಕು ಸೋರಿ, ಪಕ್ಕದ ಹೊಲಕ್ಕೂ ಹನುಮಕ್ಕನ ಬಾವಿಗೂ ಡೀಸೆಲ್ ಇಳಿಯಿತು. ಬಂಕು ಮುಚ್ಚಿತು, ಮಾಲೀಕ ನಾಪತ್ತೆ. ಶುದ್ಧಿ ಮಾಡಲು ಬಂದ ತಂಡ ಕೆಟ್ಟ ಮಣ್ಣನ್ನು ಹನ್ನೊಂದು ಗುಡ್ಡೆ ಮಾಡಿದೆ. ಮಣ್ಣೊಳಗಿನ ಕಣ್ಣಿಗೆ ಕಾಣದ ಜೀವಿಗಳೇ ಡೀಸೆಲ್ ತಿಂದು ಮುಗಿಸಬೇಕು. ಅವಕ್ಕೆ ಗಾಳಿ, ತೇವ, ಗೊಬ್ಬರ ಕೊಡುವುದು ಹನುಮಕ್ಕನ ಕೂಲಿ ಕೆಲಸ. ದಿನಕ್ಕೆ ಮೂರು ಗುಡ್ಡೆ ತಿರುವಬೇಕು, ಟ್ಯಾಂಕರ್ ಲಾರಿಯ ನೀರು ನಲವತ್ತು ಬಿಂದಿಗೆ ಹೊತ್ತು ಚಿಮುಕಿಸಬೇಕು. ಬಾವಿಗೂ ಪೈಪು ಇಳಿಸಿ ಗಾಳಿ ಊದುತ್ತಾರೆ. ಅಲ್ಲೂ ದುಡಿಯುವುದು ಅವೇ ಜೀವಿಗಳು.

‘ದನ ಸಾಕ್ದಂಗೇ ಕಣಪ್ಪ. ಎಲ್ಡು ದಿನ ಬುಟ್ರೆ ಸೊರಗೋಗ್ತವೆ.’ ಅರವತ್ತೆರಡರ ಈಕೆಯ ಬೆನ್ನು ಈಗ ನೆಟ್ಟಗಾಗುವುದಿಲ್ಲ.

ಕಳೆದ ಯುಗಾದಿಗೆ ಎಡವಟ್ಟಾಯಿತು. ಹಬ್ಬಕ್ಕೆ ಮುಂಚೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಇವರ ಮನೆಯ ವರ್ಷವರ್ಷದ ರೂಢಿ. ವಾಸನೆಯೂ ಬೇಗ ಹೋಗಲೆಂದು ಹನುಮಕ್ಕ ಎರಡು ಸೇರು ಸುರಿದರು. ವಾರದ ಮೇಲೆ ನೀರಿನ ಪರೀಕ್ಷೆಗೆ ಬಂದ ತಂಡದ ಇಂಜಿನಿಯರ್ ಜಗನ್‌ಗೆ ಜೀವಿಗಳ ಸುಳಿವೇ ಸಿಗಲಿಲ್ಲ. ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ಈಕೆಯೇ ಮುಂದೆ ಬಂದು ಒಪ್ಪಿಕೊಂಡರು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

‘ಒಳ್ಳೇದಾಗ್ಲಿ ಅಂತ ಹಾಕ್ದೆ. ಪಾಪದವು, ಎಲ್ಲಾ ಸತ್ತೋದ್ವು. ಆ ಸಾರ್ ಬಯ್ಲಿಲ್ಲ. ಬಯ್ದಿದ್ರೇ ಚೆನ್ನಾಗಿತ್ತು.’

ಹತ್ತು ತಿಂಗಳ ದುಡಿಮೆ ಹಾಳಾಗಿ, ಬಾವಿಯ ಕೆಲಸ ಮತ್ತೆ ಮೊದಲಿಂದ ನಡೆದಿದೆ. ಇನ್ನೂ ಮೂರು ವರ್ಷ ಬೇಕಾಗಬಹುದು ಎನ್ನುತ್ತಾರೆ ಜಗನ್. ಅಷ್ಟು ವರ್ಷ ಈಕೆಗಿದೆಯೇ ಎಂದು ಕೇಳುವ ಧೈರ್ಯ ನನಗಿಲ್ಲ.

ಬಾವಿ ಸರಿಹೋದರೆ ಏನು ಮಾಡುತ್ತೀರಿ ಎಂದರೆ ಗುದ್ದಲಿಗೆ ಒರಗಿ ನಿಲ್ಲುತ್ತಾರೆ.

‘ಹೋದೊರ್ಸ ನಮ್ಮೆಜಮಾನ್ರು ಜೀವ ಬಿಡೋವಾಗ ಬಾವಿ ನೀರು ಕೇಳುದ್ರು. ಅವ್ರೇ ತೋಡಿದ್ ಬಾವಿ. ಕ್ಯಾನ್ ನೀರ್ನ ಬಾಯಿಗೆ ಬುಟ್ಟು, ನಮ್ ಬಾವೀದೇ ಅಂತ ಸುಳ್ಳೇಳ್ದೆ. ನನ್ ಬಾಯಿಗೆ ನೀರ್ ಬುಡೋವಾಗ ಯಾರೂ ಸುಳ್ಳೇಳ್ದಂಗಾದ್ರೆ ಸಾಕಪ್ಪ.’