ನಾಲ್ಕು ಕಾಲಿನ ಸೀಸೆ

ಕಾಶಪ್ಪನಿಗೆ ಕರುಳಿರಲಿಲ್ಲ. ತಾಂಡೂರಿನಲ್ಲಿ ಅವನನ್ನು ಬಲ್ಲವರೆಲ್ಲ ಹೀಗೇ ಹೇಳುತ್ತಿದ್ದರು. ಅವನ ದವಾಖಾನೆಯ ಎದುರು ಮನೆಯಲ್ಲಿ ಬೆಳೆದ ನನಗೂ ಬೇರೆ ಹೇಳಲು ಕಾರಣ ಕಾಣಲಿಲ್ಲ. ಅವನು ನಿಜಾಮ ಸರಕಾರದ ಸಲೋತ್ರಿ, ಎಂದರೆ ದನಕುದುರೆಗಳ ವೈದ್ಯ. ಎತ್ತು ಬದುಕುವುದಿಲ್ಲ ಎಂದು ತಿಳಿದರೆ, ಒಡೆಯ ಅದರ ಕೊರಳು ತಬ್ಬಿ ನಿಂತಿರುವಾಗಲೇ "ಇದು ಉಳಿಯಂಗಿಲ್ಲ, ಬ್ಯಾರೇದು ನೋಡ್ಕೊ" ಎಂದು ಕೈ ತೊಳೆಯಲು ಹೋಗುತ್ತಿದ್ದ. ಬಶೀರಾಬಾದ್, ದೌಲತಾಬಾದ್ ಕಡೆಯ ಹಳ್ಳಿಗಳನ್ನು ತನ್ನ ಸ್ವಂತದ ಕಂದು ತಟ್ಟು ಕುದುರೆಯ ಮೇಲೆ ಸುತ್ತುತ್ತಿದ್ದ. ಎಷ್ಟೋ ವರ್ಷ ತನ್ನನ್ನು ಹೊತ್ತ ಆ ಪ್ರಾಣಿಗೆ ಒಂದು ಹೆಸರನ್ನೂ ಇಟ್ಟಿರಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಜಾಗೀರದಾರರ ಲಾಯದಲ್ಲಿ ಕುದುರೆಗಳು ಸಾಯತೊಡಗಿದವು. ಜ್ವರ ಬರುತ್ತಿತ್ತು, ಬಿಡುತ್ತಿತ್ತು, ಮತ್ತೆ ಬರುತ್ತಿತ್ತು, ಹೊಟ್ಟೆಯ ಕೆಳಗೆ ಬಾವು ಇಳಿಯುತ್ತಿತ್ತು, ಕೊನೆಗೆ ಹಿಂಗಾಲು ಎಳೆಯುತ್ತ ಬಿದ್ದುಬಿಡುತ್ತಿದ್ದವು. ಕಾಶಪ್ಪ ಒಂದು ಕುದುರೆಯ ಕಿವಿಯಿಂದ ಒಂದು ಹನಿ ಹಸಿ ನೆತ್ತರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ. ನೆತ್ತರ ಕಣಗಳ ನಡುವೆ ಸಣ್ಣ ಹುಳುಗಳು ಹೊರಳುತ್ತಿದ್ದವು. ಈ ರೋಗಕ್ಕೆ ಸುರ್ರಾ ಎನ್ನುತ್ತಾರೆ. ದೊಡ್ಡ ನೊಣವೊಂದು ಒಂದು ಪ್ರಾಣಿಯನ್ನು ಕಚ್ಚಿ, ನೆತ್ತರು ಹತ್ತಿದ ಬಾಯಿಂದಲೇ ಇನ್ನೊಂದನ್ನು ಕಚ್ಚಿದರೆ ಹುಳ ದಾಟುತ್ತದೆ. ದನದ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ, ಕುದುರೆಯನ್ನು ಕೊಲ್ಲುತ್ತದೆ.

ಜಾಗೀರದಾರರ ಬೇಟೆಯ ಕಾಡಿಗೆ ರಮ್ನಾ ಎಂದು ಹೆಸರು. ಅದರ ಅಂಚಿನ ಕುಂಟೆಯಲ್ಲಿ, ಆ ಸಣ್ಣ ಕೆರೆಯಲ್ಲಿ, ಲಾಯದ ಕುದುರೆ, ಪಕ್ಕದ ಊರಿನ ದನ, ಕಾಡಿನ ಜಿಂಕೆ ಎಲ್ಲವೂ ನೀರು ಕುಡಿಯುತ್ತಿದ್ದವು. ರಮ್ನಾ ನೋಡಿಕೊಳ್ಳುವ ದಾರೋಗ ಡಂಗುರ ಹೊಡೆಸಿದ: ರೋಗ ಊರ ದನದ್ದು, ಯುಗಾದಿಯೊಳಗೆ ಕುಂಟೆಗೆ ಗೋಡೆ ಏಳುತ್ತದೆ, ಅಲ್ಲಿಯತನಕ ಹತ್ತಿರ ಬಂದ ದನವನ್ನು ದೊಡ್ಡಿಗೆ ಹಾಕಲಾಗುತ್ತದೆ. ಬೇರೆ ನೀರೆಂದರೆ ಕಾಗಿಣಾ ನದಿ. ಬೆಳಿಗ್ಗೆ ಹೊಡೆದುಕೊಂಡು ಹೋದ ದನ ಅಲ್ಲಿ ಮುಟ್ಟುವಾಗ ಮಧ್ಯಾಹ್ನವಾಗುತ್ತಿತ್ತು. ಹಾಲು ಬೆಣ್ಣೆಯ ಮೇಲೆ ಬದುಕಿದ ಊರದು. ಕುಂಟೆ ಹೋದರೆ ಊರೇ ಎದ್ದು ಹೋಗಬೇಕಿತ್ತು.

ಆ ಊರಿನ ಈಶಮ್ಮ ಕಾಶಪ್ಪನ ಸೋದರಮಾವನ ಹೆಂಡತಿ, ಎಮ್ಮೆಗಳ ಒಡತಿ. ಮರುದಿನವೇ ದವಾಖಾನೆಯ ಕಟ್ಟೆ ಹತ್ತಿದಳು.

"ಕಾಶ್ಯಾ, ನಮ್ಮ ದನದಾಗ ಏನೂ ಇಲ್ಲ ಅಂತ ಬರದು ಕೊಡು."

"ಅದ ಅತ್ತಿ. ನಾ ನೋಡೀನಿ."

"ನೋಡಿದ್ದು ನಿನ್ನ ಕಣ್ಣಾಗೇ ಇಟ್ಕೊ. ನಮ್ಮ ಎಮ್ಮಿ ಹಾಲು ಕುಡದು ಬೆಳದವ ನೀ."

"ಕುಡದೀನಿ. ಅದಕ್ಕ ಸುಳ್ಳು ಬರೀಲಾ? ಆದ್ರ ಜಿಂಕಿ ನೆತ್ತರದಾಗೂ ಆ ಹುಳ ಇರಬೇಕು. ಇತ್ತಂದ್ರ ದನ ಅಷ್ಟೇ ಓಡಿಸಿ ಉಪಯೋಗಿಲ್ಲ. ಅದನ್ನ ತೋರಸ್ತೀನಿ."

"ತೋರಸು. ಅಲ್ಲೀತನ ನನ್ನ ಎಮ್ಮಿಗಿ ನಿನ್ನ ಶಾಯಿ ಕುಡಸ್ತೀನಿ."

ಚಳಿಗಾಲದಲ್ಲಿ ಬೇಟೆ ಶುರುವಾಯಿತು. ಗುಂಡು ತಗುಲಿದ ಪ್ರಾಣಿಗೆ ಉಸಿರಿರುವಾಗಲೇ ಶಿಕಾರಿಯವನು ಓಡಿ ಕೊರಳು ಕೊಯ್ಯಬೇಕು, ಇಲ್ಲವಾದರೆ ಮಾಂಸ ಹಲಾಲ್ ಆಗುವುದಿಲ್ಲ. ಅವನ ಬೆನ್ನಿಗೇ ಕಾಶಪ್ಪ ಓಡುತ್ತಿದ್ದ. ಎದೆಯ ಮೇಲೆ ಲಿಂಗ, ಕೈಯಲ್ಲಿ ನೆತ್ತರು ಸವರಿಕೊಳ್ಳಲು ಗಾಜಿನ ತುಂಡು. ಚುಕ್ಕೆ ಜಿಂಕೆ, ಚಿಗರಿ, ನೀಲಗಾಯಿ, ಯಾವುದನ್ನೂ ಬಿಡಲಿಲ್ಲ. ಊರಿನ ಲಿಂಗಾಯತರು ಅವನನ್ನು ಪಂಕ್ತಿಯಲ್ಲಿ ಕೂಡಿಸಿಕೊಳ್ಳಲು ಹಿಂದೆಮುಂದೆ ನೋಡಿದರು. ಅವನು ದವಾಖಾನೆಯಲ್ಲೇ ರೊಟ್ಟಿಯ ಗಂಟು ಬಿಚ್ಚಿ ಒಬ್ಬನೇ ಉಂಡ.

ಆದರೆ ಯಾವ ಗಾಜಿನಲ್ಲೂ ಹುಳ ಕಾಣಲಿಲ್ಲ.

"ಏನ್ರಿ ಸಲೋತ್ರಿ ಸಾಬ್," ದಾರೋಗ ನಕ್ಕ, "ನಮ್ಮ ಹಿರಣ ಪಾಕ್ ಅವ ನೋಡ್ರಿ. ನಿಮ್ಮತ್ತಿ ಎಮ್ಮಿಗಿಂತ ಖಾನದಾನಿ."

ದವಾಖಾನೆಯ ಜವಾನ ಅಂಜಪ್ಪ ಸುಲಭದ ದಾರಿ ಹೇಳಿದ. "ಎಮ್ಮಿ ನೆತ್ತರು ಹಚ್ಚಿ ಜಿಂಕೀದು ಅಂದ್ರ ಯಾರಿಗಿ ತಿಳಿತದ್ರಿ?"

"ನನಗ ತಿಳಿತದ."

ಕಾಡು ಪ್ರಾಣಿಯಲ್ಲಿ ಹುಳ ಎಷ್ಟು ವಿರಳವೆಂದರೆ ಕಣ್ಣಿಗೆ ಸಿಗದೆ ಹೋಗಬಹುದು. ಅದೇ ನೆತ್ತರನ್ನು ರೋಗ ಬೇಗ ತಗಲುವ ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಅಲ್ಲಿ ಹುಳ ಹೆಚ್ಚಿ ಕಾಣುತ್ತದೆ. ಕಾಶಪ್ಪ ಮೊಲಕ್ಕೆ ಚುಚ್ಚುತ್ತೇನೆಂದ. ದಾರೋಗ ಒಪ್ಪಲಿಲ್ಲ. "ಮೊಲ ಸತ್ತರ ಮೊಲ ಸತ್ತು ಅಂತಾರ. ನಮ್ಮವು ಸತ್ತಿದ್ದು ಕುದುರಿ. ಕುದುರಿ ಮ್ಯಾಲ ತೋರಸ್ರಿ, ನಾನೇ ಹೋಗಿ ಜಾಗೀರದಾರ್ ಸಾಹೇಬರಿಗಿ ಹೇಳ್ತೀನಿ."

ಸಾಯಲಿಕ್ಕೆ ಕುದುರೆ ಕೊಡುವವರು ಯಾರು? ಕಾಶಪ್ಪ ಯಾರನ್ನೂ ಕೇಳಲಿಲ್ಲ. ಕುಂಟೆಯಿಂದ ದೂರದ ತಾಂಡೂರಿನಲ್ಲಿ, ದವಾಖಾನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ತನ್ನ ತಟ್ಟನ್ನು ಕಟ್ಟಿದ. ನೊಣ ಬಾರದಂತೆ ಬಾಗಿಲಿಗೆ ಗೋಣಿತಟ್ಟು ಹೊಲಿದು ಬಿಟ್ಟ, ಎರಡೂ ಹೊತ್ತು ಬೇವಿನ ಹೊಗೆ ಹಾಕಿದ. ದಾರೋಗನ ಕಡೆಯವನೊಬ್ಬ ಬಾಗಿಲು ಕಾದ. ಮೊದಲು ಕೆಲವು ದಿನ ತಟ್ಟಿನ ನೆತ್ತರು ನೋಡಿ, ಹುಳ ಇಲ್ಲವೆಂದು ದಾರೋಗನಿಗೂ ತೋರಿಸಿದ. ಆಮೇಲೆ ಬೇಟೆಯಿಂದ ಚುಕ್ಕೆ ಜಿಂಕೆಯ ನೆತ್ತರನ್ನು ಹೆಪ್ಪುಗಟ್ಟದಂತೆ ಮದ್ದು ಹಾಕಿದ ಸೀಸೆಯಲ್ಲಿ ತಂದು, ಸೂಜಿಯಿಂದ ತಟ್ಟಿಗೆ ಏರಿಸಿದ.

ಸುದ್ದಿ ಕೇಳಿ ಈಶಮ್ಮ ಹಾಲಿನ ಗಡಿಗೆಯನ್ನೂ ಇಳಿಸದೆ ಬಂದಳು.

"ಕರುಳಿಲ್ಲೇನೋ ನಿನಗ? ಇಷ್ಟು ವರ್ಷ ನಿನ್ನ ಹೊತ್ತದ."

"ಇದು ನಾಲ್ಕು ಕಾಲಿನ ಸೀಸಿ, ಅತ್ತಿ. ಸೀಸಿಗಿ ಯಾರಾರ ಅಳ್ತಾರೇನು?"

"ನಾ ಎಮ್ಮಿ ಉಳಸು ಅಂದೆ. ಕುದುರಿ ಕೊಲ್ಲು ಅನ್ನಲಿಲ್ಲ."

"ಈಗ ಎರಡೂ ಒಂದೇ ಕೆಲಸ ಆಗ್ಯಾವ."

ಅಂಜಪ್ಪ ಈ ಸೀಸೆಯ ಮಾತನ್ನು ಚಹದ ಅಂಗಡಿಗೆ ಒಯ್ದ. ಊರು ಅದನ್ನು ಬಹಳ ದಿನ ಆಡಿಕೊಂಡಿತು.

ಎರಡು ವಾರ ತುಂಬುವ ಮೊದಲೇ ತಟ್ಟಿಗೆ ಜ್ವರ ಬಂತು. ಕಾಶಪ್ಪ ದಾರೋಗನನ್ನು ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದ. ದಾರೋಗ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದು ನಮ್ಮ ಹಿರಣಂದೇ?"

"ನಿಮ್ಮದೇ. ಖಾನದಾನಿ."

ಒಂದು ಮಾತು ದಾರೋಗನ ಪರವಾಗಿ ಹೇಳಬೇಕು. ಅವನು ಕೊಟ್ಟ ಮಾತಿಗೆ ತಪ್ಪಲಿಲ್ಲ. ಜಾಗೀರದಾರರ ಮುಂದೆ ನಿಂತು ಕಂಡದ್ದನ್ನು ಹೇಳಿದ. ಕುಂಟೆಯ ಗೋಡೆ ಏಳಲಿಲ್ಲ, ದನ ನೀರಿಗೆ ಇಳಿದವು. ಲಾಯದ ಕುದುರೆಗಳಿಗೆ ಬಾವಿಯ ನೀರು, ನೊಣದ ಕಾಲದಲ್ಲಿ ಬಾಗಿಲಿಗೆ ಜಾಳಿಗೆ ಎಂದಾಯಿತು. ರೋಗ ಹತ್ತಿದ ಕುದುರೆಗಳಿಗೆ ಹೈದರಾಬಾದಿನಿಂದ ಸೂಜಿಮದ್ದು ಬಂತು. ಕಾಶಪ್ಪ ತನ್ನ ತಟ್ಟಿಗೆ ಒಂದು ಸೂಜಿ ಕೇಳಿದ. ಲಾಯಕ್ಕೇ ಸಾಲದು ಎಂದರು. ಎರಡನೆಯ ಸಲ ಕೇಳಲಿಲ್ಲ. ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತತೊಡಗಿದ.

ತಟ್ಟು ಹೋಳಿ ಹುಣ್ಣಿಮೆಯ ಹಿಂದುಮುಂದು ಸತ್ತಿತು. ಅಂಥ ಹೆಣವನ್ನು ನಾಯಿಗಳ ಬಾಯಿಗೆ ಬಿಡಬಾರದು, ಆಳವಾಗಿ ಹೂಳಬೇಕು. ಅಂಜಪ್ಪ ದವಾಖಾನೆಯ ಹಿಂದೆ ಕುಣಿ ತೋಡಿದ. ತಾಂಡೂರಿನ ನೆಲ, ನಾಲ್ಕು ಬುಟ್ಟಿ ಮಣ್ಣು ತೆಗೆದರೆ ಫರಸಿ ಕಲ್ಲು. ಹೇಗೋ ಆಳಕ್ಕೆ ಇಳಿಸಿದ, ಆದರೆ ಉದ್ದ ಸಾಲಲಿಲ್ಲ. ಸೆಟೆದ ಮುಂಗಾಲು ಹೊರಗೇ ಉಳಿಯುವಂತಿತ್ತು. ಅವನು ಕೊಡಲಿಯ ಹಿಂಬದಿ ತಿರುಗಿಸಿಕೊಂಡ.

"ಕಾಲು ಮುರದ್ರ ಕೂಡ್ತದ್ರಿ."

ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಕಾಶಪ್ಪ ತಾನೇ ಎಷ್ಟೋ ಎತ್ತುಗಳಿಗೆ ಹಾಗೆ ಮಾಡಿಸಿದ್ದ.

"ಬ್ಯಾಡ. ಕುಣಿ ಇನ್ನೊಂದು ಮೊಳ ಉದ್ದ ಮಾಡು."

"ಫರಸಿ ಅದರಿ ಸಾಹೇಬ್ರ. ಹಾರೀನೇ ಬಗ್ಗತದ. ಸೀಸಿಗಿ ಎಲ್ಲಿ ನೋವಾಗ್ತದ್ರಿ?"

ಈಶಮ್ಮ ಗೋಡೆಯ ಬದಿಗೆ ನಿಂತಿದ್ದಳು. ಕಾಶಪ್ಪ ಸರಕಾರಿ ಕೋಟು ಕಳಚಿ ಅವಳ ಕೈಗೆ ಕೊಟ್ಟ. ಅಂಜಪ್ಪನಿಂದ ಹಾರೆ ತೆಗೆದುಕೊಂಡು ಕುಣಿಗೆ ಇಳಿದ. ಕಲ್ಲಿನ ಮೇಲೆ ಹಾರೆ ಬೀಳುವ ಸದ್ದು, ದೀಪ ಹಚ್ಚುವ ಹೊತ್ತಾದರೂ, ನಮ್ಮ ಮನೆಗೆ ಕೇಳುತ್ತಿತ್ತು.