ಉರುಳುವ ಸೂಜಿ, ಉರುಳದ ಸೂಜಿ

ಮಗಳ ಶಾಲೆಯ ವಾಲಂಟಿಯರ್ ಫಾರಮ್ಮಿನಲ್ಲಿ ‘ವಿಶೇಷ ಪರಿಣತಿ’ ಅಂತ ಒಂದು ಜಾಗವಿತ್ತು. ಖಾಲಿ ಬಿಟ್ಟರೆ ಮರ್ಯಾದೆ ಹೋಗುತ್ತದೆಂದು ‘ಬಿ.ಎಸ್ಸಿ., ಸಸ್ಯಶಾಸ್ತ್ರ’ ಎಂದು ಬರೆದೆ. ಸುಳ್ಳೇನಲ್ಲ. ಮೈಸೂರಿನಲ್ಲಿ ಮೂರು ವರ್ಷ ಓದಿದ್ದೆ, ಪಾಸೂ ಆಗಿದ್ದೆ. ಆಮೇಲೆ ಕಂಪ್ಯೂಟರ್ ಕೋರ್ಸು ಮಾಡಿಕೊಂಡು, ಈಗ ಇಪ್ಪತ್ತು ವರ್ಷದಿಂದ ಸಾಂಟಾ ಕ್ಲಾರಾದ ಆಫೀಸೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುತ್ತಿದ್ದೇನೆ. ನನ್ನಲ್ಲಿ ಉಳಿದಿರುವ ಸಸ್ಯಶಾಸ್ತ್ರವೆಂದರೆ ಕೊತ್ತಂಬರಿಗೂ ಪಾರ್ಸ್ಲಿಗೂ ಇರುವ ವ್ಯತ್ಯಾಸ ಮಾತ್ರ. ಅದನ್ನೂ ಮೂಸಿ ನೋಡಿಯೇ ಹೇಳುವುದು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಕ್ರಿಸ್‌ಮಸ್ ಮರಗಳ ಮಾರಾಟವಿತ್ತು. ಮಗಳನ್ನೂ, ಚಳಿಗಾಲ ಕಳೆಯಲು ಮಂಡ್ಯದಿಂದ ಬಂದಿದ್ದ ಅತ್ತೆಯನ್ನೂ ಕರೆದುಕೊಂಡು ಹೋದೆ. ಉಸ್ತುವಾರಿ ನೋಡುತ್ತಿದ್ದವರು ನಿವೃತ್ತ ಗಣಿತದ ಟೀಚರು. ನನ್ನನ್ನು ಕಂಡದ್ದೇ, “ಬಾಟನಿಯವರು ನೀವೇ ತಾನೆ? ದೇವರೇ ಕಳಿಸಿದ ಹಾಗಾಯ್ತು!” ಎಂದು ಕೈ ಹಿಡಿದುಕೊಂಡರು.

ಎರಡು ದಿನದ ಮಳೆಯಲ್ಲಿ ಅರವತ್ತು ಮರಗಳ ಹೆಸರಿನ ಚೀಟಿಗಳೂ ಕಳಚಿ, ಲಾರಿಯ ತಳದಲ್ಲಿ ಒದ್ದೆ ಮುದ್ದೆಯಾಗಿ ಕೂತಿದ್ದವು. ಮರಗಳಲ್ಲಿ ಅರ್ಧ ನೋಬಲ್ ಫರ್, ಅರ್ಧ ರೆಡ್ ಫರ್. ಎರಡಕ್ಕೂ ಸೂಜಿಯಂಥ ಎಲೆ, ನೋಡಲು ಒಂದೇ ಥರ. ಜನ ಇಂಥದೇ ಬೇಕೆಂದು ಮೊದಲೇ ಹೇಳಿಟ್ಟಿದ್ದರು. “ಹತ್ತು ಗಂಟೆಗೆ ಶುರು. ಅಷ್ಟರಲ್ಲಿ ಬೇರೆ ಮಾಡಿಬಿಡಿ” ಎಂದು ಟೀಚರು ನನ್ನ ಕೊರಳಿಗೆ ಹಸಿರು ಏಪ್ರನ್ ಹಾಕಿದರು. ನಾನು ಜೀವಮಾನದಲ್ಲಿ ಫರ್ ಮರವನ್ನು ನೋಡಿದ್ದು ಪರೀಕ್ಷೆಯ ಚಿತ್ರದಲ್ಲಿ. ಅದನ್ನೂ ಪಕ್ಕದವಳ ಹಾಳೆ ನೋಡಿ ಬರೆದಿದ್ದೆ.

ಮರಗಳ ಹಿಂದೆ ಅವಿತು ಫೋನು ತೆಗೆದೆ. ನೋಬಲ್‌ನ ಸೂಜಿಯೆಲೆಯ ಬೆನ್ನ ಮೇಲೆ ಉಗುರಲ್ಲಿ ಗೀಚಿದಂಥ ಸಣ್ಣ ಗೀರು ಇರುತ್ತದಂತೆ. ರೆಡ್ ಫರ್‌ಗೆ ಇಲ್ಲವಂತೆ. ರೆಡ್‌ನ ಸೂಜಿಯನ್ನು ಎರಡು ಬೆರಳ ನಡುವೆ ಹೊಸೆದರೆ ಸಲೀಸಾಗಿ ಉರುಳುತ್ತದಂತೆ. ಗೀರು ನೋಡೋಣವೆಂದರೆ ಚಾಳೀಸು ಮನೆಯಲ್ಲೇ ಉಳಿದಿತ್ತು. ಹೊಸೆಯೋಣವೆಂದರೆ ಚಳಿಗೆ ಬೆರಳುಗಳು ಮರಗಟ್ಟಿದ್ದವು. ಟೀಚರು ನನ್ನನ್ನೇ ನೋಡುತ್ತ ನಿಂತಿದ್ದರು. ಗಂಭೀರವಾಗಿ ಒಂದೊಂದು ಕೊಂಬೆ ಮುಟ್ಟುತ್ತ “ನೋಬಲ್... ನೋಬಲ್... ಇದೂ ನೋಬಲ್” ಎಂದು ಹೇಳುತ್ತಾ ಹೋದೆ. ಹತ್ತೊಂಬತ್ತು ಮರ ಸತತವಾಗಿ ನೋಬಲ್ ಆದಾಗ ಅವರ ಹುಬ್ಬು ಮೇಲೇರಿತು. “ಲೆಕ್ಕದ ಪ್ರಕಾರ ಇದು ಬಹಳ ಅಪರೂಪ” ಎಂದರು. ಗಣಿತದವರು ನೋಡಿ.

ಅಷ್ಟರಲ್ಲಿ ಅತ್ತೆ ಹತ್ತಿರ ಬಂದರು. “ಏನವ್ವ, ಮರಕ್ಕೆ ಜ್ವರ ನೋಡ್ತಿದ್ದೀಯಾ?”

ಬೇರೆ ದಾರಿ ಕಾಣದೆ ಎಲ್ಲ ಹೇಳಿದೆ. ಅವರು ಒಂದು ಸೂಜಿ ಕಿತ್ತು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹೊಸೆದರು. ಐವತ್ತು ವರ್ಷ ದಿನವೂ ದೀಪದ ಬತ್ತಿ ಹೊಸೆದ ಬೆರಳು. “ಇದು ಉರುಳ್ತದೆ ಕಣವ್ವ.” ಪಕ್ಕದ ಮರದ್ದನ್ನು ಕಿತ್ತರು. “ಇದು ಉರುಳಾಕಿಲ್ಲ, ಮೈ ಚಪ್ಪಟೆ, ತಡೀತದೆ. ಇಷ್ಟಕ್ಕೆ ಓದಬೇಕಾಗಿತ್ತಾ?”

ಅತ್ತೆ ಮುಂದೆ, ಸ್ವೆಟರಿನ ತೋಳು ಮಡಿಸಿಕೊಂಡು. ಹಿಂದೆ ಕೆಂಪು ಮತ್ತು ನೀಲಿ ರಿಬ್ಬನ್ ಹಿಡಿದ ಮಗಳು. ಅಜ್ಜಿ “ಉರುಳೋದು” ಎಂದರೆ ಕೆಂಪು, “ಉರುಳದ್ದು” ಎಂದರೆ ನೀಲಿ. ಮನೆಯಲ್ಲಿ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವತ್ತು ಇಡೀ ಲಾಟಿಗೆ ಕೇಳುವಂತೆ “ಉರುಳೋದು ಟ್ವೆಂಟಿ ಸಿಕ್ಸ್!” ಎಂದು ಕೂಗುತ್ತಿದ್ದಳು. ನಾನು ಹಿಂದಿನಿಂದ ನನ್ನ ಹತ್ತೊಂಬತ್ತು ನೋಬಲ್‌ಗಳಲ್ಲಿ ಹನ್ನೊಂದಕ್ಕೆ ಕೆಂಪು ರಿಬ್ಬನ್ ಕಟ್ಟಿದೆ.

ಕೊನೆಗೆ ನಾಲ್ಕು ಮರ ಉಳಿದವು. ಅತ್ತೆ ಎರಡೆರಡು ಸಲ ಹೊಸೆದು ತಲೆ ಅಲ್ಲಾಡಿಸಿದರು. “ಇವು ಎರಡೂ ಅಲ್ಲ. ಒಸಿ ಉರುಳ್ತದೆ, ಒಸಿ ತಡೀತದೆ.”

“ಅತ್ತೆ, ಮೂರನೆಯದು ಅಂತ ಇಲ್ಲ. ಯಾವುದಾದರೂ ಒಂದು ಹೇಳಿ.”

“ಇಲ್ದಿದ್ನ ಹೆಂಗ್ ಹೇಳ್ಲಿ? ನೀನೇ ಹೇಳು, ಡಿಗ್ರಿ ಇರೋದು ನಿಂಗೆ.”

ಡಿಗ್ರಿಯ ಬಲದಿಂದ ನಾಲ್ಕಕ್ಕೂ ನೀಲಿ ರಿಬ್ಬನ್ ಕಟ್ಟಿಸಿದೆ.

ಹನ್ನೊಂದು ಗಂಟೆಗೆ ಒಬ್ಬ ಮುದುಕರು ಬಂದರು. ಮೊಮ್ಮಗನ ಮನೆಗೆ ನೋಬಲ್ ಬೇಕಿತ್ತು. ಹೋಗಿ ಹೋಗಿ ಆ ನಾಲ್ಕರಲ್ಲೇ ಒಂದರ ಮುಂದೆ ನಿಂತು, ಜೇಬಿನಿಂದ ಭೂತಗನ್ನಡಿ ತೆಗೆದರು. “ಯಾರು ವಿಂಗಡಿಸಿದ್ದು?” ಎಂದರು. ನಾನು ಏಪ್ರನ್ ಬಿಚ್ಚಲು ಗಂಟು ಹುಡುಕುತ್ತಿದ್ದೆ. ಮಗಳು ನನ್ನತ್ತ ಬೆರಳು ತೋರಿಸಿ, “ಅಮ್ಮ ನೋಬಲ್ ಅಂದಳು. ಅಜ್ಜಿ ಎರಡೂ ಅಲ್ಲ ಅಂದಳು” ಎಂದು ಇಂಗ್ಲಿಷಿನಲ್ಲಿ ಪೂರ್ತಿ ವರದಿ ಒಪ್ಪಿಸಿದಳು.

ಮುದುಕರು ಜೋರಾಗಿ ನಕ್ಕರು. ಅವರು ಉತ್ತರದ ಕಾಡುಗಳಲ್ಲಿ ಮೂವತ್ತು ವರ್ಷ ಅರಣ್ಯ ಇಲಾಖೆಯಲ್ಲಿದ್ದವರಂತೆ. ಅಲ್ಲೊಂದು ಕಡೆ ಎರಡೂ ಜಾತಿ ಬೆರೆತು, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಮರಗಳು ಬೆಳೆಯುತ್ತವಂತೆ. “ಅವು ಯಾವುದು ಅಂತ ನಾವು ಊಟಕ್ಕೆ ಕೂತಾಗಲೆಲ್ಲ ಜಗಳವಾಡ್ತಿದ್ದೆವು. ನಿಮ್ಮ ಅಜ್ಜಿ ಹೇಳಿದ್ದು ಸರಿ.”

ನೋಬಲ್ ಬೇಡವೆಂದು ಆ ಮರವನ್ನೇ ಕಾರಿಗೆ ಕಟ್ಟಿಸಿಕೊಂಡರು. ಅಷ್ಟರಲ್ಲಿ ಟೀಚರು ನನ್ನ ಬೆನ್ನ ಹಿಂದಿನ ಗಂಟು ಬಿಚ್ಚಿ, ಏಪ್ರನ್ನನ್ನು ಅತ್ತೆಯ ಸೀರೆಯ ಮೇಲೆ ಕಟ್ಟಿದರು. ಅತ್ತೆ ಬೇಡವೆನ್ನಲಿಲ್ಲ. ಸೆರಗು ಸರಿಮಾಡಿಕೊಂಡು, ಮುಂದಿನ ಗಿರಾಕಿಯ ಕೈಗೂ ಒಂದು ಸೂಜಿ ಕೊಟ್ಟು “ಹೊಸ್ದು ನೋಡು” ಎಂದರು. ನನಗೆ ಕಸ ಗುಡಿಸುವ ಕೆಲಸ ಸಿಕ್ಕಿತು. ಪೊರಕೆಗೆ ಯಾರೂ ಪದವಿ ಕೇಳಲಿಲ್ಲ.