ಕುದಿನೀರು ಕಂಡ ಬೀಜ

ಇಸ್ತ್ರಿ ಅಕ್ಕ ಬೀಜ ಕೇಳಿದವರಿಗೆ ಇಲ್ಲ ಅಂದವಳೇ ಅಲ್ಲ. ಅವಳ ಕಿತಾಪತಿ ಇದ್ದದ್ದೇ ಅಲ್ಲಿ. ಬಾಗಿಲ ಪಕ್ಕ ಮೇಜು ಹಾಕಿಕೊಂಡು ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕುವ ಈ ಹೆಂಗಸಿನ ಹಿತ್ತಲಲ್ಲಿ ಒಂದು ಸೋರೆಬಳ್ಳಿ ಇತ್ತು. ಉದ್ದ ಕತ್ತು, ಗುಂಡು ಹೊಟ್ಟೆ, ಹಸಿರು ಮೈತುಂಬ ಬಿಳಿ ಚುಕ್ಕೆ. ಅತ್ತೆಯ ತಾಯಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದ ತಳಿ. ಇದನ್ನು ತಿಂದವರಿಗೆ ಅಂಗಡಿಯ ಸೋರೆ ಬರೀ ನೀರು ಅನ್ನಿಸುತ್ತಿತ್ತು. ಹಾಗಾಗಿ ತಿಂದವರೆಲ್ಲ ಬೀಜ ಕೇಳುತ್ತಿದ್ದರು. ಅಕ್ಕ ನಗುನಗುತ್ತಾ ಕೊಡುತ್ತಿದ್ದಳು, ಕುದಿಯುವ ನೀರಲ್ಲಿ ಅದ್ದಿ, ಒಣಗಿಸಿ. ಸೋರೆ ಬೀಜದ ಸಿಪ್ಪೆ ಗಟ್ಟಿ. ಒಳಗೆ ಜೀವ ಹೋಗಿದ್ದರೂ ನೋಡಿದವರಿಗೆ ತಿಳಿಯುವುದಿಲ್ಲ.

"ನಿಮ್ಮ ಮಣ್ಣಿಗೆ ಒಗ್ಗಲಿಲ್ಲ ಅನ್ಸುತ್ತೆ, ಏನ್ಮಾಡೋದು," ಎಂದು, ಮೊಳೆಯಲಿಲ್ಲ ಅಂತ ಬಂದವರ ಮುಂದೆ ಲೊಚಗುಟ್ಟುತ್ತಿದ್ದಳು. ಪಾಪದ ಜನ ಅವಳ ಕೈಗುಣವನ್ನೇ ಹೊಗಳಿ ಹೋಗುತ್ತಿದ್ದರು.

ಈ ವಿದ್ಯೆ ಮೊದಲು ಪ್ರಯೋಗವಾದದ್ದು ಓರಗಿತ್ತಿಯ ಮೇಲೆ. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಅವಳು ಮೈದುನನ ಕೈ ಹಿಡಿದು ಬಂದ ದಿನದಿಂದಲೇ ಅಕ್ಕನಿಗೆ ಕಂಡರಾಗದು. ಸಾಯುವ ಮುಂಚೆ ಅತ್ತೆ ಇಬ್ಬರನ್ನೂ ಕೂರಿಸಿಕೊಂಡು, "ಬೀಜ ಇಬ್ರೂ ಇಟ್ಕೊಳ್ರೇ. ಒಬ್ಬಳ ಹತ್ರಾನೇ ಇದ್ರೆ ಯಾವತ್ತಾದ್ರೂ ಕಳ್ಕೋತೀರ," ಎಂದಿದ್ದಳು. ಅತ್ತೆಯ ಮಾತು ಮೀರಿದಳು ಅನ್ನಿಸಿಕೊಳ್ಳುವುದು ಅಕ್ಕನಿಗೆ ಬೇಡ. ಓರಗಿತ್ತಿಯ ಕೈಯಲ್ಲಿ ಬಳ್ಳಿ ಹಬ್ಬುವುದೂ ಬೇಡ. ಪಾಲು ಕೊಟ್ಟಳು, ಕುದಿನೀರು ತೋರಿಸಿ ಕೊಟ್ಟಳು. ಅದು ಮೊಳೆಯಲಿಲ್ಲ. ಓರಗಿತ್ತಿ ಮತ್ತೆ ಕೇಳಲೂ ಇಲ್ಲ. ಆಮೇಲೆ ಊರಿನ ಆಚೆ ತುದಿಯಲ್ಲಿ ಬೇರೆ ಮನೆ ಮಾಡಿದಳು, ಮಾತೂ ನಿಂತಿತು. ಅಕ್ಕನ ಹೊಟ್ಟೆ ತಣ್ಣಗಾಯಿತು.

ಹೋದ ವರ್ಷ ಬಳ್ಳಿಗೆ ರೋಗ ಬಡಿದು, ಬೀಜಕ್ಕೆಂದು ಬಿಟ್ಟ ಕಾಯಿಗಳಲ್ಲಿ ಒಂದೇ ಒಂದು ಉಳಿಯಿತು. ಅದರ ಬೀಜವನ್ನು ಅಕ್ಕ ಎರಡು ಗುಡ್ಡೆ ಮಾಡಿದಳು, ಒಂದು ತನಗೆ, ಒಂದು ಕೇಳಿ ಬರುವವರಿಗೆ. ಕೇಳುವವರ ಗುಡ್ಡೆಯನ್ನು ಅದ್ದಿ ಒಣಗಿಸಿಯೂ ಆಗಿತ್ತು. ಅಷ್ಟರಲ್ಲಿ ಯಾರೋ ಅರ್ಜೆಂಟು ಅಂತ ಬಟ್ಟೆ ತಂದರು. ಇಸ್ತ್ರಿ ಮುಗಿಸಿ ಬಂದವಳಿಗೆ ಅದ್ದಿದೆನೋ ಇಲ್ಲವೋ ಎಂಬ ಅನುಮಾನ. ಜೀವ ಇರುವ ಒಂದು ಬೀಜ ಹೊರಗೆ ಹೋದರೂ ಕೆಲಸ ಕೆಟ್ಟಿತಲ್ಲ! ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ ನೀರು ಕುದಿಸಿದಳು. ಗಡಿಬಿಡಿಯಲ್ಲಿ ಗುಡ್ಡೆ ಅದಲುಬದಲಾಗಿ, ಈ ಸಲ ಅದ್ದಿದ್ದು ತನ್ನ ಗುಡ್ಡೆಯನ್ನು.

ಈ ವರ್ಷ ಹಾಕಿದ ಬೀಜ ಒಂದೂ ಮೇಲೇಳಲಿಲ್ಲ. ಮಣ್ಣು ಕೆದಕಿ, ಉಗುರಿನಲ್ಲಿ ಸಿಪ್ಪೆ ಬಿಡಿಸಿದರೆ ಒಳಗೆ ಹಳದಿಗಟ್ಟಿದ ತಿರುಳು, ಮುಗ್ಗಲು ವಾಸನೆ. ಅಷ್ಟು ತಲೆಮಾರು ದಾಟಿ ಬಂದದ್ದು ತನ್ನ ಕೈಯಲ್ಲೇ ಸತ್ತಿತು ಎಂದು ಅಕ್ಕ ಹಿತ್ತಲಲ್ಲಿ ಕೂತು ಗೊಳೋ ಎಂದು ಅತ್ತಳು.

ಬಟ್ಟೆ ತಗೊಂಡು ಹೋಗಲು ಬಂದ ತರಕಾರಿಯವಳು ಸಮಾಧಾನ ಹೇಳಲು ಹೋಗಿ ಬೆಂಕಿಗೆ ಎಣ್ಣೆ ಹೊಯ್ದಳು. "ಅಯ್ಯೋ, ಅದಕ್ಯಾಕೆ ಅಳ್ತೀರ? ನಿಮ್ಮ ಓರಗಿತ್ತಿ ಮನೇಲಿ ಚಪ್ಪರ ತುಂಬ ಅದೇ ಕಾಯಿ. ಆ ಕಡೆ ಎಲ್ಲರ ಮನೇಲೂ ಇದೆ. ಹಾಸ್ಟೆಲ್ ಸೋರೆ ಅಂತಾರೆ."

ಹಾಸ್ಟೆಲ್ ಸೋರೆ! ಅಕ್ಕನ ಮೈಯೆಲ್ಲ ಉರಿದುಹೋಯಿತು. ಆದರೂ ಹೋದಳು. ಹೋಗದೆ ವಿಧಿಯಿರಲಿಲ್ಲ.

ಓರಗಿತ್ತಿ ಹಾಸ್ಟೆಲಿನ ಹಿಂಬಾಗಿಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕೂತ್ಕೊಳ್ಳಿ ಅನ್ನಲಿಲ್ಲ.

"ಏನಕ್ಕ, ದಾರಿ ತಪ್ಪಿ ಬಂದ್ರಾ?"

"ಸೋರೆ ಬೀಜ ಬೇಕಿತ್ತು. ನಮ್ಮ ಮನೆಯಿಂದ ಕದ್ದು ತಂದಿದೀಯಲ್ಲ, ಅದು."

"ಕದ್ದಿಲ್ಲ. ನೀವು ಜೊಳ್ಳು ಅಂತ ತಿಪ್ಪೆಗೆ ಬಿಸಾಕಿದ್ರಲ್ಲ, ಅದರಲ್ಲಿ ಒಂದು ಹುಟ್ಟಿತ್ತು. ಬೇರೆ ಮನೆಗೆ ಹೋಗುವಾಗ ಕಿತ್ಕೊಂಡು ಬಂದೆ."

"ನಿನ್ನ ಪಾಲಿನ ಬೀಜ ಕೈಗೆ ಕೊಟ್ಟಿದ್ದೆನಲ್ಲ, ಆಮೇಲೂ ತಿಪ್ಪೆಯದು ಯಾಕೆ..."

"ಅಕ್ಕ, ನಾನು ಅಡುಗೆಯವಳು. ಬೆಂದಿದ್ದು ಯಾವುದು, ಬೇಯದೇ ಇರೋದು ಯಾವುದು ಅಂತ ನಂಗೆ ಗೊತ್ತಾಗಲ್ವಾ?"

ಅಕ್ಕನ ಮುಖ ಹುಳ್ಳಗಾಯಿತು. ಓರಗಿತ್ತಿ ಒಳಗೆ ಹೋಗಿ ಕಾಗದದಲ್ಲಿ ಒಂದು ಹಿಡಿ ಬೀಜ ಸುತ್ತಿ ತಂದಳು. ಕೈಗೆ ಕೊಡಲಿಲ್ಲ, ಮೆಟ್ಟಿಲ ಮೇಲೆ ಇಟ್ಟಳು. "ತಗೊಳ್ಳಿ. ಇನ್ನು ಈ ಕಡೆ ಬರಬೇಡಿ." ಅಕ್ಕ ಬಗ್ಗಿ ಎತ್ತಿಕೊಂಡಳು.

ದಾರಿಯುದ್ದಕ್ಕೂ ಅವಳಿಗೆ ಒಂದೇ ಸಮಾಧಾನ: ಇವಳೂ ಕುದಿಸಿಯೇ ಕೊಟ್ಟಿರುತ್ತಾಳೆ, ತನ್ನಂಥವಳೇ. ಹಾಗೆಂದೇ ಬಿತ್ತಿದಳು. ಬೆಳಿಗ್ಗೆ ಇಸ್ತ್ರಿಗೆ ಕೆಂಡ ತುಂಬುವ ಮುಂಚೆ ಪಾತಿಗೆ ಹೋಗಿ ನೋಡುವಳು. ಮಣ್ಣು ಬರಿದಾಗಿದ್ದಷ್ಟು ದಿನವೂ ಗೆಲುವಾಗಿದ್ದಳು. ಮೊಳೆಯದಿದ್ದರೆ ಬೀದಿಯಲ್ಲೆಲ್ಲ ಡಂಗುರ ಸಾರಲು ಮಾತು ಜೋಡಿಸಿಟ್ಟುಕೊಂಡಿದ್ದಳು.

ಒಂದು ಬೆಳಿಗ್ಗೆ ಪಾತಿ ತುಂಬ ಮೊಳಕೆ. ತಲೆಯ ಮೇಲೆ ಸಿಪ್ಪೆ ಹೊತ್ತು, ಕತ್ತು ಬಗ್ಗಿಸಿಕೊಂಡು ಎದ್ದಿದ್ದವು. ಅಕ್ಕ ಬೆರಳಿಟ್ಟು ಹುಡುಕಿದಳು. ಹುಸಿಯಾದದ್ದು ಒಂದೂ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು, ಸಂತೋಷಕ್ಕಲ್ಲ.

"ಹಾಳಾದವಳು, ಒಂದನ್ನಾದ್ರೂ ಕುದಿಸಬಾರದಿತ್ತಾ," ಎಂದು ಬೈಯುತ್ತಲೇ ಸಸಿಗಳಿಗೆ ನೀರು ಹೊಯ್ದಳು.